ಚಹಾ ಎಲೆಯ ಗುಣವಿಶೇಷ

ಕಾಫಿಗೆ ಹೆಸರಾದ ಚೆನ್ನೈ ನಗರದಲ್ಲಿ ಚಹಾ ಕುಡಿಯುವವರೂ ಅಸಂಖ್ಯ. ದಕ್ಷಿಣ ಭಾರತದ ಚಹಾ ಕೃಷಿಯ ಇತಿಹಾಸದಲ್ಲಿಯೂ ಈ ನಗರಕ್ಕೆ ಸ್ಥಾನವುಂಟು. 1830ರ ದಶಕದಲ್ಲಿ, ಚೀನಾದ ಬೀಜಗಳಿಂದ ಕಲ್ಕತ್ತೆಯ ಸಸ್ಯೋದ್ಯಾನದಲ್ಲಿ ಬೆಳೆಸಿದ ಸುಮಾರು 2,000 ಸಸಿಗಳನ್ನು ಅಂದಿನ ಮದರಾಸಿಗೆ ಕಳುಹಿಸಲಾಯಿತು. ನೀಲಗಿರಿ, ಕೊಡಗು ಹಾಗೂ ಮೈಸೂರು ಸೀಮೆಗಳಿಗೆ ಅವುಗಳನ್ನು ಹಂಚಲಾಯಿತು. ಬಹುಪಾಲು ಸಸಿಗಳು ಉಳಿಯಲಿಲ್ಲ. ಮುಂದೆ ಅಸ್ಸಾಮಿನ ಚಹಾ ಗಿಡವೂ ದಕ್ಷಿಣದ ಬೆಟ್ಟಗಳಿಗೆ ಬಂದಿತು.

ಚೀನಾ ಮತ್ತು ಅಸ್ಸಾಂ ಚಹಾಗಳು ಒಂದೇ ಪ್ರಭೇದದ ಎರಡು ಬಗೆಗಳು. ಚೀನಾ ಬಗೆಯ ಎಲೆ ಚಿಕ್ಕದು. ಗಿಡ ಚಳಿಯನ್ನು ತಾಳಬಲ್ಲದು. ಅಸ್ಸಾಂ ಬಗೆಯ ಎಲೆ ದೊಡ್ಡದು. ಎಳೆಯ ಚಿಗುರಿನ ಒಣತೂಕದಲ್ಲಿ ಸುಮಾರು ಶೇಕಡಾ 20ರಿಂದ 30ರಷ್ಟು ಪಾಲಿಫಿನಾಲುಗಳಿರುತ್ತವೆ. ಅವುಗಳಲ್ಲಿ ಕ್ಯಾಟೆಚಿನ್‌ಗಳು ಪ್ರಧಾನವಾದವು. ಚಹಾದ ಒಗರಿಗೆ ಮುಖ್ಯ ಕಾರಣವಾದ ಇವುಗಳಿಗೆ ಉತ್ಕರ್ಷಣವನ್ನು ತಡೆಯುವ ಗುಣವಿದೆ. ಸಾಮಾನ್ಯವಾಗಿ ಅಸ್ಸಾಂ ಎಲೆಯಲ್ಲಿ ಕ್ಯಾಟೆಚಿನ್ ಹೆಚ್ಚು. ಚೀನಾ ಎಲೆಯು ಸುವಾಸನೆಗೆ ಹೆಸರಾದುದು. ಇದೇ ಕುಲದ, ಹೂವಿಗಾಗಿ ಬೆಳೆಸುವ ಕೆಮೀಲಿಯ ಜಪೋನಿಕದ ಎಲೆಯಲ್ಲಾದರೋ ಕೆಫೀನ್ ಇಲ್ಲವೆನ್ನುವಷ್ಟು ಅಲ್ಪ. ಸಂಬಂಧಿ ಗಿಡಗಳಾದ ಮಾತ್ರಕ್ಕೆ ಗುಣವೂ ಒಂದೇ ಎಂದು ಭಾವಿಸಲಾಗದು.

ಆದರೆ ಎಲೆಯಲ್ಲಿರುವುದೆಲ್ಲವೂ ಲೋಟಕ್ಕೆ ಇಳಿಯುವುದಿಲ್ಲ. ಹಸಿರು ಚಹಾಕ್ಕಾಗಿ ಕೊಯ್ದ ಎಲೆಯನ್ನು ಬೇಗನೆ ಬಿಸಿಮಾಡುವುದರಿಂದ ಕ್ಯಾಟೆಚಿನ್‌ಗಳು ಬಹುಮಟ್ಟಿಗೆ ಉಳಿಯುತ್ತವೆ. ನಾವು ನಿತ್ಯ ಬಳಸುವ ಕಪ್ಪು ಚಹಾದಲ್ಲಿ ಎಲೆಯನ್ನು ಜಜ್ಜಿ ಗಾಳಿಗೆ ಒಡ್ಡಿದಾಗ ಅವು ಥಿಯಾಫ್ಲಾವಿನ್ ಮತ್ತು ಥಿಯಾರುಬಿಜಿನ್‌ಗಳಾಗಿ ಮಾರ್ಪಡುತ್ತವೆ. ಚಹಾದ ಕೆಂಪು ಬಣ್ಣ ಇವುಗಳಿಂದಲೇ ಬರುತ್ತದೆ.

ಈ ಒಗರು ಪದಾರ್ಥಗಳಿಗೆ ಇನ್ನೊಂದು ಮುಖವೂ ಇದೆ. ಅನ್ನ, ಬೇಳೆ, ಸೊಪ್ಪುಗಳಲ್ಲಿರುವ ಕಬ್ಬಿಣಾಂಶವನ್ನು ಹಿಡಿದಿಟ್ಟು, ಅದು ರಕ್ತಕ್ಕೆ ಸೇರದಂತೆ ಅವು ತಡೆಯುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಆದುದರಿಂದ ಊಟದೊಡನೆ ಚಹಾ ಕುಡಿಯುವ ಅಭ್ಯಾಸವನ್ನು ಕಡೆಗಣಿಸುವಂತಿಲ್ಲ. ಊಟಕ್ಕೆ ಕನಿಷ್ಠ ಒಂದು ಗಂಟೆ ಮೊದಲು ಮತ್ತು ಊಟದ ನಂತರ ಒಂದು ಗಂಟೆಯವರೆಗೆ ಚಹಾ, ಕಾಫಿ ಸೇವಿಸಬಾರದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2024ರಲ್ಲಿ ಸಲಹೆ ನೀಡಿದೆ. ಕಬ್ಬಿಣದ ಮಾತ್ರೆಯನ್ನೂ ಚಹಾದೊಡನೆ ನುಂಗಬಾರದು. ಊಟದಲ್ಲಿ ನಿಂಬೆ, ನೆಲ್ಲಿಕಾಯಿಗಳಿದ್ದರೆ ಕಬ್ಬಿಣಾಂಶವು ಚೆನ್ನಾಗಿ ಮೈಗೂಡುತ್ತದೆ.

ಚಹಾ ಔಷಧವಲ್ಲ, ಮಿತವಾಗಿ ಸವಿಯಬೇಕಾದ ಪಾನೀಯ. ಯಾವ ತಳಿಯ ಎಲೆಯೆಂಬುದರಷ್ಟೇ, ಅದನ್ನು ಯಾವ ಹೊತ್ತಿನಲ್ಲಿ ಕುಡಿಯುತ್ತೇವೆಂಬುದೂ ಮುಖ್ಯ.