ತೊರೆಯ ನೀರು, ಊರಿನ ಬೆಳಕು

ಜಲವಿದ್ಯುತ್ತಿನ ಮಾತು ಬಂದೊಡನೆ ಕನ್ನಡಿಗರಾದ ನಮಗೆ ನೆನಪಾಗುವುದು ಶಿವನಸಮುದ್ರ. 1902ರಲ್ಲಿ ಅಲ್ಲಿಂದ ಹೊರಟ ವಿದ್ಯುತ್ತು ಸುಮಾರು 147 ಕಿಲೋಮೀಟರು ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ನಮ್ಮ ಹೆಮ್ಮೆ ನ್ಯಾಯವಾದದ್ದೇ. ಆದರೆ ಆ ಹೆಮ್ಮೆಯ ಭರದಲ್ಲಿ, ಭಾರತಕ್ಕೆಲ್ಲ ಇದೇ ಮೊದಲನೆಯದು ಎಂದುಬಿಡುವವರೂ ನಮ್ಮಲ್ಲುಂಟು. ಅದು ಸರಿಯಲ್ಲ. ಐದು ವರ್ಷ ಹಿಂದೆಯೇ, 1897ರ ನವೆಂಬರ್ 10ರಂದು, ಡಾರ್ಜಿಲಿಂಗಿನ ಬೆಟ್ಟದ ಇಳಿಜಾರಿನಲ್ಲಿ, ಸಿದ್ರಾಪೊಂಗ್ ಎಂಬಲ್ಲಿ ಒಂದು ಪುಟ್ಟ ವಿದ್ಯುದಾಗಾರ ಕೆಲಸ ಆರಂಭಿಸಿತ್ತು.

ಅಲ್ಲಿ ಕಾವೇರಿಯಂಥ ಮಹಾನದಿಯಿಲ್ಲ; ಇದ್ದದ್ದು ಬೆಟ್ಟದ ತೊರೆಗಳು. ಅಲ್ಲಿನವರು ಅವನ್ನು ‘ಝೋರಾ’ ಎನ್ನುತ್ತಾರೆ. ನಮ್ಮ ಮಲೆನಾಡಿನವರು ಗುಡ್ಡದ ನೀರನ್ನು ಅಡಕೆಯ ದಬ್ಬೆಯಲ್ಲಿ ಹರಿಸಿ ಅಂಗಳಕ್ಕೆ ತಂದುಕೊಳ್ಳುವುದಿಲ್ಲವೆ? ಇಲ್ಲಿಯೂ ಹಾಗೆಯೇ, ದಬ್ಬೆಯ ಬದಲು ಕೊಳವೆ, ಅಂಗಳದ ಬದಲು ಚಕ್ರ. ಕೊಳವೆಯಲ್ಲಿ ರಭಸದಿಂದ ಇಳಿದ ನೀರು ಚಕ್ರವನ್ನು ತಿರುಗಿಸಿದರೆ, ಚಕ್ರ ವಿದ್ಯುದ್ಯಂತ್ರವನ್ನು ತಿರುಗಿಸುತ್ತದೆ.

ಮೊದಲಿಗಿದ್ದ ಯಂತ್ರಗಳು ಎರಡು. ಒಂದೊಂದರ ಶಕ್ತಿ 65 ಕಿಲೋವಾಟ್. ಒಟ್ಟು 130 ಕಿಲೋವಾಟ್ ಎಂದರೆ, 60 ವಾಟಿನ ಸುಮಾರು ಎರಡು ಸಾವಿರ ದೀಪಗಳಿಗೆ ಸಾಕಾಗುವಷ್ಟು. ಇಷ್ಟಕ್ಕೆ ಎಷ್ಟು ನೀರು ಬೇಕು? ನೀರು 100 ಮೀಟರು ಇಳಿಯುವುದಾದರೆ, ಯಂತ್ರದಲ್ಲಿ ಆಗುವ ನಷ್ಟವನ್ನು ಬಿಟ್ಟು ಲೆಕ್ಕ ಹಾಕಿದಾಗ, ಸೆಕೆಂಡಿಗೆ ಸುಮಾರು 130 ಲೀಟರು; ಎಂದರೆ ಹತ್ತು ಕೊಡದಷ್ಟು. ನೀರು ಕಡಿಮೆಯಿದ್ದರೂ ಎತ್ತರ ಅದರ ಕೊರತೆಯನ್ನು ತುಂಬಿಕೊಡುತ್ತದೆ. ಬೆಟ್ಟದ ತೊರೆಯ ಗುಟ್ಟೇ ಇದು.

ಇನ್ನೊಂದು ಸೊಗಸನ್ನು ಗಮನಿಸಿ. ವಿದ್ಯುದಾಗಾರ ಕೆಳಗೆ, ಊರು ಮೇಲೆ. ಒಮ್ಮೆ ಇಳಿದ ನೀರು ತಾನಾಗಿ ಮೇಲೇರಲಾರದು. ಅದರ ಶಕ್ತಿ ಮಾತ್ರ ತಂತಿ ಹಿಡಿದು ಬೆಟ್ಟ ಹತ್ತಿ ಡಾರ್ಜಿಲಿಂಗಿನ ಬೀದಿದೀಪಗಳನ್ನು ಬೆಳಗಿತು.

ಬೆಟ್ಟವನ್ನು ನಂಬಿದ ಬಾಳು ಸುಲಭವಲ್ಲ. ಬೇಸಗೆಯಲ್ಲಿ ತೊರೆ ಬಡವಾಗುತ್ತದೆ. ಮಳೆಗಾಲದಲ್ಲಿ ಮಣ್ಣು ಕಲ್ಲುಗಳನ್ನು ಹೊತ್ತು ತರುತ್ತದೆ. ಆಗಾರ ಆರಂಭವಾದ ಎರಡೇ ವರ್ಷಕ್ಕೆ, 1899ರ ಸೆಪ್ಟೆಂಬರಿನಲ್ಲಿ, ಭಾರಿ ಮಳೆಗೆ ಡಾರ್ಜಿಲಿಂಗಿನ ಗುಡ್ಡಗಳು ಕುಸಿದು ಅನೇಕರು ಮಡಿದರು. ಬೆಳಕು ಕೊಡುವ ನೀರೇ ನೆಲವನ್ನೂ ಕೊಚ್ಚಬಲ್ಲದು. ಅಂಥ ಕಡೆ ಯಂತ್ರವನ್ನು ಹೂಡಿದರೆ ಸಾಲದು. ಕಾಲುವೆಯ ಹೂಳು ತೆಗೆಯುವ, ಗುಡ್ಡದ ಮರಗಳನ್ನು ಉಳಿಸುವ ಕೈಗಳೂ ಬೇಕು.

ಶಿವನಸಮುದ್ರ ದೂರದ ಗಣಿಗಳಿಗೆ ಬಲ ಕೊಟ್ಟಿತು. ಸಿದ್ರಾಪೊಂಗ್ ತನ್ನ ಊರಿಗೆ ಬೆಳಕು ಕೊಟ್ಟಿತು. ಎರಡೂ ದೊಡ್ಡ ಕೆಲಸಗಳೇ. ತಮ್ಮ ಎತ್ತರಕ್ಕೆ ಬೆಳೆದನೆಂದು ಅಣ್ಣನ ಹಿರಿತನ ಹೋಗುವುದಿಲ್ಲ. ಅಣ್ಣನನ್ನು ನೆನೆದರೆ ತಮ್ಮನ ಮರ್ಯಾದೆಯೂ ಕುಂದುವುದಿಲ್ಲ.