ದೊಡ್ಡ ಇಂಗ್ಲಿಷ್ ಶಬ್ದಗಳಿಗೆ ಅಂಜಬೇಡಿ

(ಕಾರ್ಮಿಕರ ರಾತ್ರಿಶಾಲೆಯಲ್ಲಿ ಹೊಸ ತರಗತಿ ಆರಂಭವಾದ ದಿನ ಮಾಡಿದ ಭಾಷಣ)



ಇಂಗ್ಲಿಷ್ ಶಬ್ದಗಳ ತರಗತಿಯೊಂದನ್ನು ತೆರೆಯುತ್ತೇವೆಂದು ಹೋದ ವಾರ ಬಾಗಿಲ ಬಳಿಯ ಹಲಗೆಯ ಮೇಲೆ ಬರೆದು ಹಾಕಿದ್ದೆವು. ಅದನ್ನು ಓದಿದ ಕಿರಾಣಿ ಅಂಗಡಿಯ ಹಿರಿಯರೊಬ್ಬರು ನಮ್ಮನ್ನು ನಿಲ್ಲಿಸಿ, “ಏನ್ರೀ ಮಾಸ್ತರ, ಇಂಗ್ಲಿಷ್ ಹೋಗಬೇಕು ಅಂತ ಭಾಷಣ ಮಾಡೋರೂ ನೀವ, ಈಗ ಇಂಗ್ಲಿಷ್ ಕಲಸೋರೂ ನೀವ ಏನು?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. 1957ರಲ್ಲಿ ಲೋಹಿಯಾ ಅವರು ಇಂಗ್ಲಿಷಿನ ವಿರುದ್ಧ ಚಳವಳಿ ಹೂಡಿದಾಗ ಅವರು ಇಳಿಸಬೇಕೆಂದದ್ದು ಗದ್ದುಗೆಯ ಮೇಲೆ ಕುಳಿತ ಇಂಗ್ಲಿಷನ್ನು. ಪರಭಾಷೆಯನ್ನು ಕಲಿಯಬಾರದೆಂದು ಅವರು ಹೇಳಲಿಲ್ಲ. ಸ್ವತಃ ಅವರೇ ಬರ್ಲಿನ್ನಿಗೆ ಹೋಗಿ, ಜರ್ಮನ್ ಕಲಿತು, ಉಪ್ಪಿನ ತೆರಿಗೆಯ ಮೇಲೆ ಪ್ರಬಂಧ ಬರೆದು ಡಾಕ್ಟರ್ ಪದವಿ ಪಡೆದವರು. ಇರಲಿ. ನಮ್ಮ ಸಂವಿಧಾನದ 348ನೆಯ ವಿಧಿಯಂತೆ ಸುಪ್ರೀಂ ಕೋರ್ಟಿನ ಕಲಾಪ ನಡೆಯುವುದು ಇಂಗ್ಲಿಷಿನಲ್ಲಿ. ಗದ್ದುಗೆ ಇಳಿಯುವ ದಿನ ಇಳಿಯಲಿ. ಅಲ್ಲಿಯವರೆಗೆ ನಮ್ಮ ಕೈಗೆ ಬರುವ ಕಾಗದವನ್ನು ಯಾರು ಓದಬೇಕು?

ಆ ಹಿರಿಯರಿಗೆ ನಾವು ಕೊಟ್ಟ ಉತ್ತರ ಇಷ್ಟೇ ಅಲ್ಲ. ಒಂದು ನಡೆದ ಸಂಗತಿಯನ್ನು ಹೇಳಿದೆವು. ಅದನ್ನೇ ಇಲ್ಲಿಯೂ ಹೇಳುತ್ತೇವೆ.

ನಾವು ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದ ಕಾಲದ ಮಾತು. ಒಂದು ಗಿರಣಿಯಲ್ಲಿ ಹತ್ತೊಂಬತ್ತು ವರ್ಷ ದುಡಿದಿದ್ದ ಒಬ್ಬ ಕಾರ್ಮಿಕರಿಗೆ, ಮಾಲು ಹೋಗುತ್ತಿಲ್ಲ, ಆಳು ಹೆಚ್ಚಾಗಿದ್ದಾರೆ ಎಂದು ಹೇಳಿ, ಇಂಗ್ಲಿಷಿನಲ್ಲಿ ಬೆರಳಚ್ಚು ಮಾಡಿದ ನಾಲ್ಕು ಸಾಲಿನ ಕಾಗದವೊಂದನ್ನು ಕೊಟ್ಟರು. ಸಹಿ ಮಾಡಿದರೆ ಲೆಕ್ಕ ಬೇಗ ಮುಗಿಯುತ್ತದೆ ಎಂದರು. ಅವರು ಬುದ್ಧಿವಂತರು, ಅಲ್ಲೇ ಸಹಿ ಮಾಡದೆ ಕಾಗದವನ್ನು ಮನೆಗೆ ತಂದರು. ಮಗ ಹೈಸ್ಕೂಲಿನಲ್ಲಿ ಓದುತ್ತಿದ್ದ, ನಮ್ಮ ವಿದ್ಯಾರ್ಥಿಯೇ. ಹುಡುಗ ಎಲ್ಲಿಯೂ ತಡವರಿಸದೆ ಕಾಗದವನ್ನು ಓದಿದನಂತೆ. ತಂದೆಗೆ ಹೆಮ್ಮೆಯಾಯಿತು. ಮರುದಿನ ಹೋಗಿ ಸಹಿ ಮಾಡಿದರು.

ಹದಿನೈದು ದಿನಗಳ ಮೇಲೆ ಅವರು ಕಾಗದದ ಪ್ರತಿಯನ್ನು ಹಿಡಿದುಕೊಂಡು ನಮ್ಮಲ್ಲಿಗೆ ಬಂದು, “ಮಾಸ್ತರ್ರೇ, ಇದರಾಗ ಏನ್ ಬರದಾರ್ರೀ? ಪರಿಹಾರ ಬರೂದಿಲ್ಲ ಅಂತಾರ” ಎಂದರು. ಮೊದಲನೆಯ ಸಾಲಿನಲ್ಲೇ ಇತ್ತು, ‘ವಾಲಂಟರಿ’ ಎಂಬ ಶಬ್ದ. ನನ್ನ ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ ಎಂದು ಅದರ ಅರ್ಥ. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯಿದೆಯ ಪ್ರಕಾರ ಧಣಿ ತಾನಾಗಿ ಆಳನ್ನು ಕಡಿಮೆ ಮಾಡಿದರೆ ಅದು ‘ರಿಟ್ರೆಂಚ್‌ಮೆಂಟ್’. ದುಡಿದ ಪ್ರತಿಯೊಂದು ವರ್ಷಕ್ಕೆ ಹದಿನೈದು ದಿನದ ಸರಾಸರಿ ಪಗಾರವನ್ನು ಪರಿಹಾರವಾಗಿ ಕೊಡಬೇಕು. ಹತ್ತೊಂಬತ್ತು ವರ್ಷಕ್ಕೆ 285 ದಿನಗಳ ಪಗಾರವಾಯಿತು. ಆದರೆ ಕಾರ್ಮಿಕ ತಾನೇ ಇಚ್ಛಿಸಿ ನಿವೃತ್ತನಾದರೆ ಅದು ರಿಟ್ರೆಂಚ್‌ಮೆಂಟ್ ಅಲ್ಲವೆಂದು ಅದೇ ಕಾಯಿದೆಯ ವ್ಯಾಖ್ಯೆಯಲ್ಲಿ ಬರೆದಿದೆ. ಗ್ರಾಚ್ಯುಯಿಟಿ ಬಂತು, 285 ದಿನಗಳ ದುಡ್ಡು ಬರಲಿಲ್ಲ. ಅರ್ಜಿ ಹಾಕಿದೆವು, ಓಡಾಡಿದೆವು. ಸಹಿ ಅವರದೇ, ಯಾರೂ ಕೈ ಹಿಡಿದು ಮಾಡಿಸಿರಲಿಲ್ಲ.

ಇದರಲ್ಲಿ ನಮ್ಮ ಪಾಲೂ ಉಂಟು. ಆ ಶಬ್ದವನ್ನು ಆ ಹುಡುಗನಿಂದ ನಾವೇ ಹತ್ತು ಸಲ ಬರೆಸಿದ್ದೆವು. ಸ್ಪೆಲಿಂಗ್ ತಪ್ಪಿದ್ದಕ್ಕೆ! ಅರ್ಥವನ್ನು ಒಂದು ಸಲವೂ ಕೇಳಿರಲಿಲ್ಲ. ‘ವಾಲಂಟಿಯರ್’ ಎಂದರೆ ಆ ಹುಡುಗನಿಗೆ ಗೊತ್ತಿತ್ತು, ಜಾತ್ರೆಯಲ್ಲಿ ನೀರು ಕೊಡುವ ಸ್ವಯಂಸೇವಕ. ಎರಡೂ ಶಬ್ದ ‘ಇಚ್ಛೆ’ ಎಂಬ ಅರ್ಥದ ಒಂದೇ ಲ್ಯಾಟಿನ್ ಮೂಲದಿಂದ ಬಂದವು ಎಂದು ಒಂದು ಮಾತು ಹೇಳಿದ್ದರೆ ಆ ರಾತ್ರಿ ಅವನು ತಂದೆಗೆ ಹೇಳುತ್ತಿದ್ದ. ಈ ತರಗತಿಯನ್ನು ನಾವು ತೆರೆಯಲು ಅದೇ ಕಾರಣ. 2020ರಲ್ಲಿ ಸಂಸತ್ತು ಒಪ್ಪಿದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಈ ಶಬ್ದಗಳು ಹಾಗೆಯೇ ಉಳಿದಿವೆ.

ಈಗ ಶಬ್ದಗಳಿಗೆ ಬರೋಣ. ಇಂಗ್ಲಿಷಿನಲ್ಲಿ ಲಕ್ಷಗಟ್ಟಲೆ ಶಬ್ದಗಳಿವೆ, ಅವನ್ನೆಲ್ಲ ಯಾವಾಗ ಕಲಿಯುವುದು ಎಂದು ನೀವು ಹೆದರಬಹುದು. ಬ್ರಿಟಿಷರ ಕಾಲದಲ್ಲಿ ಬಂಗಾಳದ ಶಿಕ್ಷಣ ಇಲಾಖೆಯಲ್ಲಿದ್ದ ಮೈಕೇಲ್ ವೆಸ್ಟ್ ಎಂಬವರು 1953ರಲ್ಲಿ ದಿನಬಳಕೆಗೆ ಬೇಕಾದ ಸುಮಾರು 2000 ಶಬ್ದಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಅದರ ಮೇಲೆ ಕಟ್ಟಿದಂತೆ ನ್ಯೂಜಿಲೆಂಡಿನ ಅವೆರಿಲ್ ಕಾಕ್ಸ್‌ಹೆಡ್ ಎಂಬ ವಿದುಷಿ 2000ದಲ್ಲಿ ಇನ್ನೊಂದು ಪಟ್ಟಿ ಕೊಟ್ಟರು. ಕಲೆ, ವಾಣಿಜ್ಯ, ಕಾನೂನು, ವಿಜ್ಞಾನ ಎಂದು ನಾಲ್ಕು ವಿಭಾಗಗಳ 28 ವಿಷಯಗಳ ಪುಸ್ತಕ ಲೇಖನಗಳಿಂದ ಸುಮಾರು 35 ಲಕ್ಷ ಪದಗಳನ್ನು ಕೂಡಿಹಾಕಿ, ಎಲ್ಲ ವಿಷಯಗಳಲ್ಲೂ ಮತ್ತೆ ಮತ್ತೆ ಬರುವ ಶಬ್ದಗಳನ್ನು ಆರಿಸಿದರು. ಸಿಕ್ಕವು 570 ಶಬ್ದ ಕುಟುಂಬಗಳು. ಕಾಲೇಜಿನ ಪುಸ್ತಕದಲ್ಲಿ ಹತ್ತರಲ್ಲಿ ಒಂದು ಪದ ಈ ಕುಟುಂಬಗಳದ್ದೇ ಆಗಿರುತ್ತದೆಂದು ಅವರ ಲೆಕ್ಕ.

ಇನ್ನೂ ಒಂದು ಮಾತಿದೆ. ಅತಿ ಹೆಚ್ಚು ಬರುವ ಮೊದಲ 60 ಕುಟುಂಬಗಳ ಗುಂಪಿನಲ್ಲಿ ಯಾವ ಯಾವ ಶಬ್ದಗಳಿವೆ ಬಲ್ಲಿರಾ? ಲೇಬರ್, ಕಾಂಟ್ರಾಕ್ಟ್, ಇನ್‌ಕಮ್, ಎಕ್ಸ್‌ಪೋರ್ಟ್, ಲೀಗಲ್, ಪರ್ಸೆಂಟ್, ಸೆಕ್ಷನ್, ಫೈನಾನ್ಸ್. ಇವುಗಳಲ್ಲಿ ನಿಮಗೆ ಗೊತ್ತಿಲ್ಲದ್ದು ಯಾವುದು? ಗಿರಣಿಯ ಗೇಟಿನಲ್ಲೂ ಅಡತಿ ಅಂಗಡಿಯ ಗಾದಿಯ ಮೇಲೂ ಕುಳಿತು ಪಂಡಿತರ ಪಟ್ಟಿಯನ್ನು ನೀವು ಆಗಲೇ ಕಾಲುಭಾಗ ಉರುಹೊಡೆದಿದ್ದೀರಿ. (ಕಾಲುಭಾಗ ಎಂದದ್ದು ಹುರುಪಿನಲ್ಲಿ, ಕೂತು ಎಣಿಸಿದರೆ ಕಡಿಮೆಯಾದೀತು.)

ಉಳಿದವನ್ನು ಕಲಿಯುವ ದಾರಿ ಬೇರು ಹಿಡಿಯುವುದು. ‘ಪೋರ್ಟ್’ ಎಂದರೆ ಲ್ಯಾಟಿನ್ನಿನಲ್ಲಿ ಹೊರುವುದು. ರೈಲು ನಿಲ್ದಾಣದ ಪೋರ್ಟರ್ ಹೊರುವವನು. ಎಕ್ಸ್‌ಪೋರ್ಟ್ ಹೊರಗೆ ಹೊತ್ತುಹಾಕುವುದು, ಇಂಪೋರ್ಟ್ ಒಳಗೆ ತರುವುದು. ರಿಪೋರ್ಟ್ ಎಂದರೆ ಸುದ್ದಿಯನ್ನು ಹೊತ್ತು ಹಿಂದಿರುಗುವುದು. ಒಬ್ಬ ಹಮಾಲನ ಬೆನ್ನಿನ ಮೇಲೆ ಇಷ್ಟು ಶಬ್ದಗಳು! ‘ಮಾನು’ ಎಂದರೆ ಕೈ. ಮ್ಯಾನುಯಲ್ ಕೆಲಸ ಕೈಕೆಲಸ, ಮ್ಯಾನುಸ್ಕ್ರಿಪ್ಟ್ ಕೈಬರಹ. ‘ಮ್ಯಾನುಫ್ಯಾಕ್ಚರ್’ ಎಂದರೂ ಮೂಲದಲ್ಲಿ ಕೈಯಿಂದ ಮಾಡಿದ್ದೇ. ಯಂತ್ರ ಬಂದು ಕೈಯನ್ನು ಕೆಳಗಿಳಿಸಿತು, ಶಬ್ದ ಮಾತ್ರ ಕೈಯನ್ನು ಬಿಡಲಿಲ್ಲ. ವ್ಯಾಪಾರಿ ಬಂಧುಗಳಿಗೆ ‘ಕ್ರೆಡಿಟ್’ ಎಂದರೆ ಉದ್ರಿ. ಆದರೆ ಅದರ ಬೇರು ನಂಬುವುದು; ‘ಕ್ರೆಡಿಬಲ್’ ಸಾಕ್ಷಿ ಎಂದರೆ ನಂಬತಕ್ಕ ಸಾಕ್ಷಿ. ‘ಮಾರ್ಟ್‌ಗೇಜ್’ ಎಂಬ ಅಡಮಾನದ ಶಬ್ದವಂತೂ ‘ಸತ್ತ ಒತ್ತೆ’ ಎಂಬರ್ಥದ್ದು. ಆಸ್ಪತ್ರೆಯ ‘ಪೋಸ್ಟ್‌ಮಾರ್ಟೆಂ’ನಲ್ಲಿಯೂ ಅದೇ ಸಾವು. ಹೊಲವನ್ನು ಅಡವಿಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೇರು ಹಿಡಿಯುವ ವಿದ್ಯೆ ನಮಗೆ ಹೊಸದಲ್ಲ. ‘ಆಮ್ಲಜನಕ’ ಎಂದು ಕನ್ನಡ ಶಾಲೆಯ ಮಗು ಓದುತ್ತದೆ. ‘ಆಕ್ಸಿಜನ್’ ಎಂಬುದರ ಅರ್ಥವೂ ಗ್ರೀಕಿನಲ್ಲಿ ಅದೇ, ಹುಳಿಯನ್ನು ಹುಟ್ಟಿಸುವುದು. ಜಲಜನಕವೂ ಹಾಗೆಯೇ, ‘ಹೈಡ್ರೊ’ ಎಂದರೆ ನೀರು. ಕನ್ನಡದ ಶಬ್ದವನ್ನು ಅರ್ಥ ತಿಳಿದು ಕಲಿತ ಮಗುವಿಗೆ ಇಂಗ್ಲಿಷಿನ ಶಬ್ದ ಅರ್ಧ ದಾರಿಯಲ್ಲಿ ಎದುರು ಬರುತ್ತದೆ. ಕನ್ನಡವನ್ನು ಬಿಡಿಸಿ ಇಂಗ್ಲಿಷ್ ಶಾಲೆಗೆ ಅಟ್ಟಿದ ತಂದೆತಾಯಿಗಳು ಇದನ್ನು ಸ್ವಲ್ಪ ಯೋಚಿಸಬೇಕು. ಇನ್ನೊಂದು ತಮಾಷೆ: ಆ ಹೆಸರನ್ನಿಟ್ಟ ಫ್ರಾನ್ಸಿನ ಲವಾಸಿಯೆ, ಎಲ್ಲ ಆಮ್ಲಗಳಲ್ಲೂ ಅದು ಇದೆಯೆಂದು ತಪ್ಪು ತಿಳಿದಿದ್ದ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲವೇ ಇಲ್ಲ. ಅವನ ತಪ್ಪನ್ನು ನಾವು ಕನ್ನಡಕ್ಕೂ ನಿಷ್ಠೆಯಿಂದ ಅನುವಾದಿಸಿಕೊಂಡೆವು. (ಅವನು ಅರಸನ ಕಾಲದಲ್ಲಿ ತೆರಿಗೆ ವಸೂಲಿಯ ಗುತ್ತಿಗೆದಾರನೂ ಆಗಿದ್ದ, 1794ರಲ್ಲಿ ಕ್ರಾಂತಿಯವರು ತಲೆ ತೆಗೆದದ್ದು ರಸಾಯನಶಾಸ್ತ್ರಕ್ಕಾಗಿ ಅಲ್ಲ.)

ಆದ್ದರಿಂದ ಬೇರನ್ನು ಕಣ್ಣುಮುಚ್ಚಿ ನಂಬಲೂಬಾರದು. ‘ಇನ್’ ಹತ್ತಿದರೆ ‘ಅಲ್ಲ’ ಎಂದು ಅರ್ಥವೆಂದು ಕಲಿತವನು ‘ಇನ್‌ಫ್ಲೇಮಬಲ್’ ಎಂದು ಬರೆದ ಡಬ್ಬಿಯ ಮುಂದೆ ಬೀಡಿ ಹಚ್ಚಿದರೆ ಗತಿಯೇನು? ಅದು ಬೇಗ ಹೊತ್ತಿಕೊಳ್ಳುವ ವಸ್ತುವೆಂದೇ ಅರ್ಥ.

ಇನ್ನು ಮುಖ್ಯವಾದ ತೊಡಕು. ಒಂದೇ ಶಬ್ದ ಒಂದೊಂದು ಶಾಸ್ತ್ರದಲ್ಲಿ ಒಂದೊಂದು ವೇಷ ಹಾಕುತ್ತದೆ. ‘ಡಿಪ್ರೆಶನ್’ ಎಂದರೆ ಕೆಳಕ್ಕೆ ಒತ್ತುವುದು. ಹವಾಮಾನದವರಿಗೆ ಅದು ವಾಯುಭಾರ ಕುಸಿತ, ಅರ್ಥಶಾಸ್ತ್ರದವರಿಗೆ 1929ರಿಂದ ಜಗತ್ತನ್ನೇ ಕಾಡಿದ ಮುಗ್ಗಟ್ಟು, ವೈದ್ಯರಿಗೆ ಮನಸ್ಸಿನ ಕಾಯಿಲೆ. ‘ಕನ್ಸಿಡರೇಶನ್’ ಮನೆಯಲ್ಲಿ ದಾಕ್ಷಿಣ್ಯ. 1872ರ ಕರಾರು ಕಾಯಿದೆಯಲ್ಲಿ ಅದು ಒಪ್ಪಂದಕ್ಕೆ ಕೊಟ್ಟ ಪ್ರತಿಫಲ. ‘ವರ್ಕ್’ ಎಂದರೆ ಭೌತಶಾಸ್ತ್ರದಲ್ಲಿ ಬಲವನ್ನು ಪ್ರಯೋಗಿಸಿದ ದಿಕ್ಕಿನಲ್ಲಿ ವಸ್ತು ಸರಿಯಬೇಕು. ನೂರು ಕಿಲೋ ಚೀಲವನ್ನು ಬೆನ್ನಮೇಲೆ ಹೊತ್ತು ಮಳೆ ನಿಲ್ಲಲೆಂದು ಒಂದು ತಾಸು ನಿಂತ ಹಮಾಲ ಆ ಚೀಲದ ಮೇಲೆ ಸೊನ್ನೆ ಕೆಲಸ ಮಾಡಿದ ಹಾಗೆ! ಇದನ್ನು ಹೇಳಿದಾಗ ನಮ್ಮ ಹಮಾಲ ಬಂಧುವೊಬ್ಬರು, “ಆ ಪುಸ್ತಕಾ ಬರದವ್ನ ಬೆನ್ನ ಮ್ಯಾಲೆ ಇಡ್ರಿ ಒಮ್ಮೆ” ಎಂದರು. ಮಾತು ಸರಿ. ಆದರೆ ಪರೀಕ್ಷೆಗೆ ಕೂರುವ ಅವರ ಮಗಳು ಸೊನ್ನೆ ಎಂದೇ ಬರೆಯಬೇಕು.

ವೈದ್ಯಕೀಯದ ಶಬ್ದಗಳಲ್ಲಿ ಒಂದನ್ನು ನೀವು ಇಂದೇ ಬರೆದುಕೊಳ್ಳಬೇಕೆಂದು ನಮ್ಮ ಅಪೇಕ್ಷೆ. ಶಬ್ದದ ಕೊನೆಗೆ ‘ಐಟಿಸ್’ ಬಂದರೆ ಉರಿಯೂತ: ಟಾನ್ಸಿಲೈಟಿಸ್ ಗಂಟಲಿನ ಗ್ರಂಥಿಯದ್ದು, ಬ್ರಾಂಕೈಟಿಸ್ ಶ್ವಾಸನಾಳದ್ದು. ‘ಓಸಿಸ್’ ಬಂದರೆ ಒಂದು ಸ್ಥಿತಿ. ‘ಬಿಸ್ಸಸ್’ ಎಂದರೆ ಗ್ರೀಕರಲ್ಲಿ ನಯವಾದ ನಾರುಬಟ್ಟೆ, ಅದರಿಂದ ‘ಬಿಸ್ಸಿನೋಸಿಸ್’. ಹತ್ತಿಯ ಧೂಳು ಎದೆಗಿಳಿದು ಬರುವ ರೋಗ. ಬ್ಲೋ ರೂಮಿನಲ್ಲಿ, ಕಾರ್ಡಿಂಗಿನಲ್ಲಿ ಇರುವವರಿಗೆ ಇದರ ಗುರುತು ಗೊತ್ತು: ವಾರದ ರಜೆ ಕಳೆದು ಕೆಲಸಕ್ಕೆ ಹೋದ ಮೊದಲನೆಯ ದಿನ ಎದೆ ಬಿಗಿಯುವುದು, ಕೆಮ್ಮು. ಬ್ರಾಂಕೈಟಿಸ್ ಯಾರಿಗೂ ಬಂದೀತು. ಬಿಸ್ಸಿನೋಸಿಸ್ ಕೆಲಸದಿಂದ ಬರುವ ರೋಗ; 1923ರ ಪರಿಹಾರ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ ಸೇರಿದ್ದ ಶಬ್ದ, 2020ರ ಸಾಮಾಜಿಕ ಭದ್ರತಾ ಸಂಹಿತೆಯ ರೋಗಗಳ ಪಟ್ಟಿಯಲ್ಲೂ ಇದೆ. ಯಾವ ರೋಗವೆಂದು ನಿರ್ಣಯಿಸುವವರು ಡಾಕ್ಟರರೇ, ನಾವಲ್ಲ. ಆದರೆ ಚೀಟಿಯಲ್ಲಿ ಯಾವ ಶಬ್ದ ಬರೆದಿದ್ದಾರೆಂದು ಓದಿ, “ಸಾಹೇಬರೇ, ನಾನು ಇಷ್ಟು ವರ್ಷ ಹತ್ತಿಯ ಧೂಳಿನಲ್ಲಿದ್ದೇನೆ, ಸೋಮವಾರ ಹೆಚ್ಚಾಗುತ್ತದೆ” ಎಂದು ಹೇಳುವುದು ನಿಮ್ಮ ಕೆಲಸ. ಹೇಳದಿದ್ದರೆ ಅವರಿಗೆ ಹೇಗೆ ತಿಳಿಯಬೇಕು?

ಕಲಿಯುವ ಕ್ರಮ ಹೀಗಿರಲಿ. ದಿನಕ್ಕೆ ಇಪ್ಪತ್ತು ಶಬ್ದ ಎಂದು ಶಪಥ ಮಾಡಬೇಡಿ. ನಾವು ಮ್ಯಾಟ್ರಿಕ್ ಪರೀಕ್ಷೆಗೆ ಹಾಗೆ ಉರುಹೊಡೆದು ಮರುವಾರ ಮರೆತವರು. ಪಾಳಿಯಿಂದ ದಣಿದು ಬಂದವರಿಗೆ ಮೂರು ಸಾಕು. ಎರಡಾಣೆಯ ಮಾತೆನ್ನುವಂತಿದ್ದರೂ ಒಂದು ನೋಟುಬುಕ್ಕು ಇಡಿ. ಶಬ್ದ, ಅದನ್ನು ಕಂಡ ಜಾಗ, ಅದರ ಬೇರು ತಿಳಿದಿದ್ದರೆ ಬೇರು, ಕೊನೆಗೆ ನಿಮ್ಮದೇ ಜೀವನದ ಒಂದು ವಾಕ್ಯ. ಮರುದಿನ ಒಮ್ಮೆ, ವಾರದ ಮೇಲೆ ಒಮ್ಮೆ, ತಿಂಗಳ ಮೇಲೆ ಒಮ್ಮೆ ಅರ್ಥದ ಭಾಗವನ್ನು ಕೈಯಿಂದ ಮುಚ್ಚಿ ನೆನಪು ಮಾಡಿಕೊಳ್ಳಿ. ಮುಚ್ಚುವುದು ಮುಖ್ಯ, ಕಣ್ಣಾಡಿಸಿದರೆ ಗೊತ್ತಿದೆ ಎನ್ನಿಸುತ್ತದೆ, ಗೊತ್ತಿರುವುದಿಲ್ಲ. ಕುಟುಂಬವನ್ನು ಒಟ್ಟಿಗೇ ಬರೆಯಿರಿ: ಎಂಪ್ಲಾಯರ್ ಕೆಲಸ ಕೊಡುವವನು, ಎಂಪ್ಲಾಯೀ ಕೆಲಸದಲ್ಲಿರುವವನು. ಲೀಸಿನ ಕಾಗದದಲ್ಲಿ ‘ಲೆಸ್ಸೀ’ ಎಂದಿದ್ದರೆ ಅಂಗಡಿಯನ್ನು ಬಾಡಿಗೆಗೆ ಹಿಡಿದ ನೀವು, ‘ಲೆಸ್ಸರ್’ ಮಳಿಗೆಯ ಮಾಲಿಕರು. ಇವೆರಡು ಅದಲುಬದಲಾಗಿ ಮಳಿಗೆ ಯಾರದೆಂಬ ಜಗಳ ಎದ್ದದ್ದನ್ನು ನಾವು ಕಂಡಿದ್ದೇವೆ.

ನಿಘಂಟು ಬೇಕು. ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್–ಕನ್ನಡ ನಿಘಂಟಿನ ಒಂದು ಹಳೆಯ ಪ್ರತಿ ಈ ಶಾಲೆಯ ಕಪಾಟಿನಲ್ಲಿದೆ, ಬೆನ್ನು ಹರಿದಿದೆ. ಮನೆಗೆ ಒಯ್ಯಬೇಡಿ, ಇಲ್ಲೇ ನೋಡಿ. ಕೈಯಲ್ಲಿ ಫೋನಿರುವ ಹುಡುಗರು ಅದರಲ್ಲೇ ಹುಡುಕಬಹುದು. ಅದು ಮೊದಲು ಕೊಟ್ಟ ಅರ್ಥಕ್ಕೆ ನಿಲ್ಲದೆ ಮೂರನೆಯ ಅರ್ಥದವರೆಗೂ ಇಳಿಯಿರಿ. ಕಾಯಿದೆಯ ಅರ್ಥ ಬಹಳ ಸಲ ಅಲ್ಲೇ ಅಡಗಿರುತ್ತದೆ.

ಆ ಹತ್ತೊಂಬತ್ತು ವರ್ಷದ ಕಾರ್ಮಿಕರು ಇಂದು ಇಲ್ಲಿ ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಹೆಸರು ಹೇಳಬೇಡಿರೆಂದಿದ್ದಾರೆ. ಈಗ ತರಕಾರಿ ಗಾಡಿ ಇಟ್ಟಿದ್ದಾರೆ. ಈ ತರಗತಿಗೆ ಮೊದಲು ಹೆಸರು ಬರೆಸಿದವರೂ ಅವರೇ. ಈ ವಯಸ್ಸಿನಲ್ಲಿ ಯಾಕೆ ಕಾಕಾ ಎಂದು ಯಾರೋ ಕೇಳಿದ್ದಕ್ಕೆ, ಕಾರ್ಪೊರೇಶನ್ನಿನ ನೋಟೀಸು ಬಂದೈತಿ ಎಂದರು.

ತರಗತಿ ಪ್ರತಿ ಗುರುವಾರ ರಾತ್ರಿ ಎಂಟಕ್ಕೆ. ಎರಡನೆಯ ಪಾಳಿಯವರಿಗೆ ಭಾನುವಾರ ಬೆಳಿಗ್ಗೆ. ಶುಲ್ಕವಿಲ್ಲ, ಹೆಂಗಸರು ಮಕ್ಕಳನ್ನು ಕರೆದುಕೊಂಡು ಬರಬಹುದು. ಮೊದಲನೆಯ ದಿನ ಎಲ್ಲರೂ ತಮ್ಮ ತಮ್ಮ ಪಗಾರ ಚೀಟಿಯನ್ನು, ಅಂಗಡಿಯವರು ಒಂದು ಇನ್ವಾಯ್ಸನ್ನು ತರಬೇಕು. ಪಗಾರ ಚೀಟಿಯ ಬಲಗಡೆ ‘ಡಿಡಕ್ಷನ್’ ಎಂದು ಅಚ್ಚಾಗಿರುತ್ತದೆ. ಅದು ಕಡಿತವೆಂದು ನಿಮಗೆ ಗೊತ್ತು. ತರ್ಕಶಾಸ್ತ್ರದ ಪುಸ್ತಕದಲ್ಲಿ ಅದೇ ಶಬ್ದಕ್ಕೆ ಬೇರೆಯೇ ಅರ್ಥವಿದೆ. ಅಲ್ಲಿಂದಲೇ ಶುರುಮಾಡೋಣ.