ಬಂಪರಿನ ಹೊಳಪು ಎಲ್ಲಿ ಹೋಯಿತು?

ಅಂಬಾಸಿಡರ್ ಕಾರು ನೋಡಿದ್ದೀರಾ, ಮಕ್ಕಳೇ? ಕೋಲ್ಕತ್ತಾ ಹತ್ತಿರದ ಉತ್ತರಪಾರಾ ಕಾರ್ಖಾನೆಯಲ್ಲಿ 2014ರವರೆಗೂ ತಯಾರಾದ ಗುಂಡುಮೈಯ ಕಾರು ಅದು. ನಿಮ್ಮ ಅಜ್ಜ ಅಜ್ಜಿಯ ಕಾಲದಲ್ಲಿ ಮಂತ್ರಿಗಳು, ಸಾಹೇಬರು, ಮದುಮಕ್ಕಳು ಎಲ್ಲರಿಗೂ ಅದೇ ಬೇಕು. ಹಳೆಯದೊಂದು ಎಲ್ಲಾದರೂ ಕಂಡರೆ ಅದರ ಬಂಪರನ್ನು ಹತ್ತಿರ ಹೋಗಿ ನೋಡಿ. ಒಂದು ಕಡೆ ಮುಖ ಕಾಣುವಷ್ಟು ಹೊಳಪು, ಇನ್ನೊಂದು ಕಡೆ ಕಂದು ಚುಕ್ಕೆಗಳು.

ಆ ಹೊಳಪು ಬಣ್ಣದ್ದಲ್ಲ. ಒಳಗಿರುವುದು ಉಕ್ಕು, ಅದರ ಮೇಲೆ ನಿಕ್ಕಲ್, ಎಲ್ಲಕ್ಕಿಂತ ಮೇಲೆ ಕ್ರೋಮಿಯಂ. ಲೋಹದ ಲವಣ ಕರಗಿಸಿದ ತೊಟ್ಟಿಯಲ್ಲಿ ಬಂಪರನ್ನು ಮುಳುಗಿಸಿ, ವಿದ್ಯುತ್ ಹರಿಸಿ ಈ ಪದರಗಳನ್ನು ಕೂರಿಸುತ್ತಾರೆ. ಕ್ರೋಮಿಯಂ ಪದರ ಎಷ್ಟು ತೆಳು ಗೊತ್ತೇ? ಅಂಥ ನೂರಕ್ಕೂ ಹೆಚ್ಚು ಪದರಗಳನ್ನು ಒಂದರ ಮೇಲೊಂದು ಇಟ್ಟರೆ ನಿಮ್ಮ ಒಂದು ಕೂದಲಿನ ದಪ್ಪ ಬಂದೀತು! ತೆಳುವಾದರೂ ಬಲು ಗಟ್ಟಿ. ಗಾಳಿಯ ಆಮ್ಲಜನಕ ಸೋಕಿದ ಕೂಡಲೇ ಅದರ ಮೈಮೇಲೆ ಕಣ್ಣಿಗೆ ಕಾಣದ ಆಕ್ಸೈಡ್ ಪೊರೆ ಕಟ್ಟುತ್ತದೆ. ಪೊರೆ ಕೆರೆದುಹೋದರೆ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ನನಗೆ ಈ ಲೋಹದಲ್ಲಿ ತುಂಬ ಇಷ್ಟವಾಗುವ ಗುಣ ಇದೇ.

ಹಾಗಾದರೆ ಚುಕ್ಕೆ ಎಲ್ಲಿಂದ ಬಂತು? ಪದರಗಳಲ್ಲಿ ಸೂಕ್ಷ್ಮ ರಂಧ್ರಗಳು, ಬಿರುಕುಗಳು ಇರುತ್ತವೆ. ಮಳೆನೀರು ಅಲ್ಲಿಂದ ಇಳಿದು ಉಕ್ಕನ್ನು ಮುಟ್ಟುತ್ತದೆ. ಉಕ್ಕಿನಲ್ಲಿರುವ ಕಬ್ಬಿಣ, ನೀರು, ಆಮ್ಲಜನಕ ಮೂರೂ ಸೇರಿದವೋ, ತುಕ್ಕು ಶುರು. ಕಡಲತೀರದ ಊರುಗಳಲ್ಲಿ ಗಾಳಿಯ ಉಪ್ಪಿನಿಂದ ಇದು ಇನ್ನೂ ಬೇಗ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಅದು ಉಬ್ಬಿ ಮೇಲಿನ ಪದರವನ್ನೇ ಎಬ್ಬಿಸುತ್ತದೆ. ನುಣುಪಾದ ಮೈ ತನ್ನ ಮೇಲೆ ಬಿದ್ದ ಬೆಳಕನ್ನು ಕ್ರಮವಾಗಿ ಹಿಂದಕ್ಕೆ ಕಳಿಸುತ್ತದೆ, ಉಬ್ಬುತಗ್ಗಿನ ಮೈ ದಿಕ್ಕುದಿಕ್ಕಿಗೆ ಚದುರಿಸುತ್ತದೆ. ಹೊಳಪು ಮಾಯವಾಗುವುದು ಹೀಗೆ.

ಹಳೆಯ ಸೈಕಲ್ಲಿನ ಹ್ಯಾಂಡಲ್ ಮೇಲೂ ಸಾಮಾನ್ಯವಾಗಿ ಇದೇ ಲೇಪ ಇರುತ್ತದೆ. ಮನೆಯಲ್ಲಿ ಕೇಳಿ, ಅದರ ಮೇಲೆ ಒಂದು ಪ್ರಯೋಗ ಮಾಡಿ. ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ತುಂಡನ್ನು ಮುದ್ದೆ ಮಾಡಿ, ನೀರಲ್ಲಿ ಅದ್ದಿ, ತುಕ್ಕಿನ ಚುಕ್ಕೆಯನ್ನು ಹಗುರವಾಗಿ ಉಜ್ಜಿ. ಕಂದು ಬಣ್ಣ ಬಿಡುತ್ತಾ ಬರುತ್ತದೆ, ಕೈಗೆ ಬೂದು ಬಣ್ಣದ ಕೆಸರು ಹತ್ತುತ್ತದೆ. ಅಲ್ಯೂಮಿನಿಯಂ ಕ್ರೋಮಿಯಂಗಿಂತ ಮೆತ್ತನೆಯ ಲೋಹ. ಆದ್ದರಿಂದ ತುಕ್ಕು ಹೋಗುತ್ತದೆ, ಹೊಳೆಯುವ ಪದರಕ್ಕೆ ಗೀರು ಬೀಳುವುದಿಲ್ಲ. ಆಮೇಲೆ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಸ್ವಲ್ಪ ಮೇಣದ ಪಾಲಿಶ್ ಹಚ್ಚಿ. ಮೇಣ ರಂಧ್ರಗಳಿಗೆ ನೀರು ಇಳಿಯದಂತೆ ತಡೆಯುತ್ತದೆ.

ಮರಳು ಕಾಗದ ಮಾತ್ರ ಬೇಡ. ಬಚ್ಚಲು ತೊಳೆಯುವ ಆಸಿಡ್ ಅಂತೂ ಬೇಡವೇ ಬೇಡ. ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಕ್ರೋಮಿಯಂ ಪದರವನ್ನೇ ಕರಗಿಸುತ್ತದೆ, ನಿಮ್ಮ ಕಣ್ಣು, ಚರ್ಮವನ್ನೂ ಸುಡುತ್ತದೆ.

ಪದರ ಎದ್ದುಹೋಗಿದ್ದರೆ ಎಷ್ಟು ಉಜ್ಜಿದರೂ ಹೊಳಪು ಬಾರದು, ಹೊಸದಾಗಿ ಲೇಪ ಹಾಕಿಸಬೇಕು. ಅದಕ್ಕೆ ಬಹಳ ಕಾಲದಿಂದ ಬಳಸುತ್ತಿರುವ ಕ್ರೋಮಿಯಂ ದ್ರಾವಣ ಕಡುವಿಷ, ಕೆಲಸಗಾರರಿಗೂ ಅಪಾಯ, ನೀರಿಗೆ ಸೇರಿದರೆ ಊರಿಗೂ ಅಪಾಯ. ಆದ್ದರಿಂದ ಇರುವ ಪದರವನ್ನು ಕಾಪಾಡಿಕೊಳ್ಳುವುದೇ ಒಳ್ಳೆಯದು. ಮಳೆಯಲ್ಲಿ ನೆಂದ ಸೈಕಲ್ಲನ್ನು ಹಾಗೇ ನಿಲ್ಲಿಸಬೇಡಿ, ಇವತ್ತಿನಿಂದಲೇ ಒರೆಸಿಡಿ.